ಕಲ್ಲಿಗಿಂತ ಹಳೆಯದು ಕಾಲುದಾರಿ

ಕಾಶಿಗೆ ಹೋದವರು ಕಣ್ಣಾರೆ ಕಂಡು ಬರುವ ಕಟ್ಟಡಗಳ ವಯಸ್ಸನ್ನು ಒಂದೊಂದಾಗಿ ವಿಚಾರಿಸಿದರೆ ಅಚ್ಚರಿಯಾಗುತ್ತದೆ. ವಿಶ್ವನಾಥನ ಈಗಿನ ಗುಡಿಯನ್ನು ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು 1780ರ ಸುಮಾರಿಗೆ. ಅದರ ಶಿಖರಕ್ಕೆ ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಕೊಟ್ಟ ಚಿನ್ನದ ಹೊದಿಕೆ ಬಂದದ್ದು 1830ರ ದಶಕದಲ್ಲಿ. ಪಕ್ಕದ ಅನ್ನಪೂರ್ಣೆಯ ಗುಡಿ 18ನೇ ಶತಮಾನದ ಮರಾಠರ ಕೊಡುಗೆ. ದುರ್ಗಾಕುಂಡದ ಕೆಂಪು ಗುಡಿಯನ್ನು ಅದೇ ಶತಮಾನದಲ್ಲಿ ಬಂಗಾಳದ ನಾಟೋರಿನ ರಾಣಿ ಭವಾನಿ ಕಟ್ಟಿಸಿದಳು. ಗಂಗೆಗೆ ಇಳಿಯುವ ಕಲ್ಲಿನ ಘಾಟುಗಳಲ್ಲಿ ಬಹುಪಾಲು ಆ ಕಾಲದವೇ. ದಶಾಶ್ವಮೇಧದಲ್ಲಿ ಸಂಜೆ ಜನ ಕಿಕ್ಕಿರಿದು ನೋಡುವ ಗಂಗಾರತಿ ಈಗಿನ ವೈಭವದ ರೂಪ ಪಡೆದದ್ದು 1990ರ ದಶಕದಲ್ಲಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು, ಹಳೇಬೀಡಿನ ಹೊಯ್ಸಳೇಶ್ವರನನ್ನು ನೋಡಿ ಬೆಳೆದ ಕನ್ನಡಿಗನಿಗೆ ಕಾಶಿಯ ನಡುವೆ ಅಷ್ಟು ಹಳೆಯ ಗುಡಿ ಇಡಿಯಾಗಿ ನಿಂತಿರುವುದು ಕಾಣಸಿಗುವುದಿಲ್ಲ. ಹಾಗಿದ್ದರೆ ನಾವು ಸನಾತನವೆಂದು ಕೈಮುಗಿಯುವ ಕಾಶಿಯಲ್ಲಿ ನಿಜಕ್ಕೂ ಹಳೆಯದು ಯಾವುದು?

ದಾರಿ ಎಂಬುದು ನನ್ನ ಉತ್ತರ. ಯಾವ ತೀರ್ಥದಲ್ಲಿ ಮೊದಲು ಮೀಯಬೇಕು, ಅಲ್ಲಿಂದ ಯಾವ ದೇವರಿಗೆ ನಡೆಯಬೇಕು, ಎಲ್ಲಿ ಮುಗಿಸಬೇಕು ಎಂಬ ಯಾತ್ರಾಕ್ರಮವೇ ಕಾಶಿಯನ್ನು ಕಾಶಿಯಾಗಿ ಉಳಿಸಿದೆ. ಅಸಿ ಸಂಗಮದಲ್ಲಿ ಮಿಂದು, ದಶಾಶ್ವಮೇಧಕ್ಕೆ ಬಂದು, ಬಡಗಣ ತುದಿಯಲ್ಲಿ ವರಣಾ ಗಂಗೆಯನ್ನು ಕೂಡುವ ಆದಿಕೇಶವಕ್ಕೆ ಹೋಗಿ, ಹಿಂತಿರುಗುತ್ತಾ ಪಂಚಗಂಗೆಯಲ್ಲಿ ಮಿಂದು, ಮಣಿಕರ್ಣಿಕೆಯಲ್ಲಿ ಮುಗಿಸುವುದು ಪಂಚತೀರ್ಥಿ ಯಾತ್ರೆ. ಢುಂಢಿರಾಜ ಗಣಪತಿಯನ್ನು ನಡುವಿಟ್ಟುಕೊಂಡು ಎಂಟು ದಿಕ್ಕುಗಳಲ್ಲಿ, ಏಳು ಆವರಣಗಳಲ್ಲಿ ಕಾವಲು ಕೂತ 56 ವಿನಾಯಕರನ್ನು ಸುತ್ತುವುದು ಇನ್ನೊಂದು. ಇಡೀ ಕ್ಷೇತ್ರವನ್ನೇ ಬಲಬರುವ ಪಂಚಕ್ರೋಶಿ ಎಲ್ಲಕ್ಕಿಂತ ದೊಡ್ಡದು: ಸುಮಾರು 80 ಕಿಲೋಮೀಟರ್ ನಡಿಗೆ, ಐದು ದಿನ, 108 ಸ್ಥಳಗಳು; ಕಂದ್ವಾ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂಬ ತಂಗುದಾಣಗಳು. ಮುಸ್ಲಿಂ ಆಳ್ವಿಕೆಗೆ ಮುಂಚಿನ ಶೈಲಿಯ ಗುಡಿಯೊಂದು ನೆಟ್ಟಗೆ ನಿಂತಿರುವುದು ಈ ದಾರಿಯ ಮೊದಲ ತಂಗುದಾಣ ಕಂದ್ವಾದಲ್ಲಿ. ಕರ್ದಮೇಶ್ವರನ ಆ ಗುಡಿಗೆ ಊರೊಳಗೆ ಸಾಟಿಯಿಲ್ಲ.

ಈ ಕ್ರಮ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಊರಿನ ಹಳೆಯ ನೆಲೆ ಈಗಿನ ಗಿಜಿಗುಡುವ ನಡುಭಾಗದಲ್ಲಿರದೆ ಬಡಗಣ ರಾಜಘಾಟಿನ ದಿಬ್ಬದ ಮೇಲಿತ್ತು; ಅಲ್ಲಿನ ಉತ್ಖನನಗಳಲ್ಲಿ ಕ್ರಿಸ್ತಪೂರ್ವ 800ರ ಆಸುಪಾಸಿನ ವಸತಿಯ ಕುರುಹುಗಳು ಸಿಕ್ಕಿವೆ. ಅದೇ ದಿಬ್ಬದಲ್ಲಿ ಸಿಕ್ಕ ಗುಪ್ತರ ಕಾಲದ ಮುದ್ರೆಗಳ ಮೇಲೆ ಅವಿಮುಕ್ತೇಶ್ವರನ ಹೆಸರಿದೆ. ಅಂದಿನ ಕಾಶಿಯ ಹಿರಿಯ ದೇವರು ಅವನೇ. ವಿಶ್ವೇಶ್ವರ ಮುನ್ನೆಲೆಗೆ ಬಂದದ್ದು ಶತಮಾನಗಳ ಮೇಲೆ. 12ನೇ ಶತಮಾನದಲ್ಲಿ ಗಾಹಡವಾಲ ದೊರೆ ಗೋವಿಂದಚಂದ್ರನ ಮಂತ್ರಿ ಲಕ್ಷ್ಮೀಧರ ತನ್ನ ‘ಕೃತ್ಯಕಲ್ಪತರು’ವಿನ ತೀರ್ಥಕಾಂಡದಲ್ಲಿ ಪುರಾಣಗಳನ್ನು ಜಾಲಾಡಿ ಕಾಶಿಯ ಮುನ್ನೂರಕ್ಕೂ ಹೆಚ್ಚು ಸ್ಥಾನಗಳನ್ನು ಪಟ್ಟಿ ಮಾಡಿದ. ಯಾವುದರ ಮೂಡಲಿಗೆ ಯಾವುದು, ಯಾವುದರ ತೆಂಕಲಿಗೆ ಯಾವುದು ಎಂದು ದಿಕ್ಕು ಹಿಡಿದು ಹೇಳುವ ಪಟ್ಟಿ ಅದು. ರಾಜ್ಯದ ಆಡಳಿತ ನೋಡುತ್ತಿದ್ದವನೊಬ್ಬ ಆ ಕೆಲಸಕ್ಕೆ ಕೂತದ್ದು ಗಮನಿಸಬೇಕಾದ ಸಂಗತಿ. ಆತ ಗೊತ್ತಿಲ್ಲದೆಯೇ ಊರಿನ ನೆನಪನ್ನು ಓಲೆಗರಿಗೆ ಇಳಿಸಿದ್ದ. ಏಕೆಂದರೆ 1194ರಲ್ಲಿ ಗಾಹಡವಾಲ ಜಯಚಂದ್ರ ಘೋರಿಯ ಸೇನೆಗೆ ಸೋತ. ಊರು ಸೂರೆಯಾಯಿತು, ಗುಡಿಗಳು ನೆಲಕಚ್ಚಿದವು.

ಅಲ್ಲಿಗೆ ಯಾತ್ರೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಕನ್ನಡನಾಡಿನದು. ಹೊಯ್ಸಳ ಮೂರನೆಯ ನರಸಿಂಹ 1279ರಲ್ಲಿ ಹೆಬ್ಬಾಳೆ ಎಂಬ ಊರಿನ ಹುಟ್ಟುವಳಿಯನ್ನು, ಅಂದರೆ ವರ್ಷಕ್ಕೆ 645 ನಿಷ್ಕಗಳನ್ನು, ಕಾಶಿಗೆ ಬಿಟ್ಟುಕೊಟ್ಟ. ಕಾಶಿಯಲ್ಲಿದ್ದ ಕರ್ನಾಟಕ, ತೆಲುಂಗ, ತುಳು ಮೊದಲಾದ ನಾಡುಗಳವರು ತುರುಷ್ಕರಿಗೆ ತೆರಬೇಕಿದ್ದ ತೆರಿಗೆಗೂ ವಿಶ್ವೇಶ್ವರನ ಸೇವೆಗೂ ಈ ಹಣ. ಶಾಸನದ ಮಾತು ಲೆಕ್ಕಪತ್ರದಷ್ಟೇ ಒಣ. ಆದರೆ ಅದು ಹೇಳುವುದು ಎಷ್ಟೊಂದು! ಸೂರೆಯಾಗಿ 85 ವರ್ಷ ಕಳೆದ ಮೇಲೂ ಅಲ್ಲಿ ವಿಶ್ವೇಶ್ವರನಿಗೆ ಪೂಜೆ ಸಲ್ಲುತ್ತಿದೆ, ತೆಂಕಣದವರು ನೆಲೆಸಿದ್ದಾರೆ, ತೆರಿಗೆ ಕೊಟ್ಟಾದರೂ ಉಳಿಯುತ್ತೇವೆ ಎನ್ನುತ್ತಿದ್ದಾರೆ, ದೋರಸಮುದ್ರದ ಖಜಾನೆ ಅದನ್ನು ತನ್ನ ಹೊಣೆಯೆಂದು ಎಣಿಸಿದೆ. ಕನ್ನಡ ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳನ್ನು ಓದಿದವರಿಗೆ ಇದು ಹೊಸದೆನಿಸದು. ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲೆಂದು ನಮ್ಮ ಹಳ್ಳಿಹಳ್ಳಿಯ ಕಲ್ಲುಗಳು ಹೇಳುತ್ತವೆ. ಕಾಶಿಯನ್ನು ಎಂದೂ ಕಾಣದ ಒಕ್ಕಲಿಗನಿಗೂ ಆ ಊರಿನ ಆಣೆ ಅರ್ಥವಾಗುತ್ತಿತ್ತು.

ಕಾಶಿಯ ಸ್ಥಳಗಳನ್ನೆಲ್ಲ ಕತೆಯೊಳಗೆ ಪೋಣಿಸಿದ ‘ಕಾಶೀಖಂಡ’ ಈಗಿನ ರೂಪಕ್ಕೆ ಬಂದದ್ದು ಈ ಸಂಕಟದ ಕಾಲದಲ್ಲೇ, 13-14ನೇ ಶತಮಾನಗಳ ಹೊತ್ತಿಗೆ ಎಂದು ವಿದ್ವಾಂಸರು ಎಣಿಸುತ್ತಾರೆ. 15ನೇ ಶತಮಾನದಲ್ಲಿ ಶ್ರೀನಾಥ ಅದನ್ನು ತೆಲುಗಿಗೆ ತಂದ. ಆದರೆ ನನ್ನ ವಾದಕ್ಕೆ ಎಲ್ಲಕ್ಕಿಂತ ಬಲ ಕೊಡುವುದು 16ನೇ ಶತಮಾನದ ನಾರಾಯಣ ಭಟ್ಟ. ಪೈಠಣದಿಂದ ಬಂದು ಕಾಶಿಯಲ್ಲಿ ನೆಲೆನಿಂತ ಮನೆತನದವನಾದ ಆತ ‘ತ್ರಿಸ್ಥಲೀಸೇತು’ವಿನಲ್ಲಿ ಯಾರೂ ಎತ್ತಲು ಹಿಂಜರಿಯುವ ಪ್ರಶ್ನೆಯನ್ನೇ ಎತ್ತಿದ: ಮೂಲ ಲಿಂಗವನ್ನು ಯಾರೋ ಕಿತ್ತಿದ್ದಾರೆ, ಬೇರೊಂದನ್ನು ತಂದಿಟ್ಟಿದ್ದಾರೆ, ಈಗ ಏನು ಮಾಡಬೇಕು? ಆ ಜಾಗದಲ್ಲಿ ಇರುವುದನ್ನೇ ಪೂಜಿಸಬೇಕು ಎನ್ನುತ್ತಾನೆ ಆತ. ಲಿಂಗವೇ ಇಲ್ಲದಿದ್ದರೆ? ಆಗಲೂ ಆ ಸ್ಥಳಕ್ಕೆ ಪ್ರದಕ್ಷಿಣೆ ನಮಸ್ಕಾರಗಳು ಸಲ್ಲಬೇಕು. ಪುಣ್ಯವನ್ನು ಕಲ್ಲಿನಿಂದ ಬಿಡಿಸಿ ನೆಲಕ್ಕೆ ಕಟ್ಟಿದ ಈ ತೀರ್ಮಾನ ಪಂಡಿತನೊಬ್ಬನ ಜಾಣ್ಮೆಯ ಮಾತಷ್ಟೇ ಆಗಿರಲಿಲ್ಲ. ಅದೇ ನಾರಾಯಣ ಭಟ್ಟ ಟೋಡರಮಲ್ಲನ ನೆರವಿನಿಂದ 1585ರ ಸುಮಾರಿಗೆ ವಿಶ್ವೇಶ್ವರನಿಗೆ ಭವ್ಯವಾದ ಗುಡಿ ಕಟ್ಟಿಸಿದ. 1669ರಲ್ಲಿ ಔರಂಗಜೇಬನ ಆಜ್ಞೆಯಿಂದ ಅದೂ ಬಿತ್ತು; ಅದರ ಹಿಂಗೋಡೆ ಜ್ಞಾನವಾಪಿ ಮಸೀದಿಯ ಬೆನ್ನಿಗೆ ಈಗಲೂ ಕಾಣುತ್ತದೆ. ಆಗ ಜನರಿಗೆ ಆಸರೆಯಾದದ್ದು ಗುಡಿ ಕಟ್ಟಿಸಿದವನೇ ಮೊದಲು ಬರೆದಿಟ್ಟಿದ್ದ ಆ ತೀರ್ಮಾನ.

ಪಂಚಗಂಗಾ ಘಾಟಿನಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಅಲ್ಲಿದ್ದ ಬಿಂದುಮಾಧವನ ದೊಡ್ಡ ಗುಡಿಯನ್ನು ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ 17ನೇ ಶತಮಾನದಲ್ಲಿ ಬೆರಗಿನಿಂದ ಬಣ್ಣಿಸಿದ್ದಾನೆ. ಈಗ ಆ ನೆಲೆಯಲ್ಲಿ ಆಲಂಗೀರ್ ಮಸೀದಿಯಿದೆ. ಮಾಧವ ಎಲ್ಲಿಗೆ ಹೋದ? ಎಲ್ಲಿಗೂ ಹೋಗಲಿಲ್ಲ. ಕೂಗಳತೆಯಲ್ಲಿ, ಹೊರಗಿನಿಂದ ಮನೆಯಂತೆಯೇ ತೋರುವ ಕಟ್ಟಡದಲ್ಲಿ ಕೂತಿದ್ದಾನೆ. ಶಿಖರವಿಲ್ಲ, ಗೋಪುರವಿಲ್ಲ, ದಾರಿ ಗೊತ್ತಿಲ್ಲದವರು ಬಾಗಿಲ ಮುಂದೆಯೇ ಹಾದು ಹೋಗಿಬಿಡುತ್ತಾರೆ. ಆದರೂ ಕಾರ್ತಿಕದಲ್ಲಿ ಪಂಚಗಂಗೆಯಲ್ಲಿ ಮಿಂದವರು ಆ ಮೆಟ್ಟಿಲು ಹತ್ತದೆ ಹಿಂತಿರುಗುವುದಿಲ್ಲ. 18ನೇ ಶತಮಾನದಲ್ಲಿ ಮರಾಠರೂ ಬಂಗಾಳದ ಜಮೀನ್ದಾರರೂ ಹಣದ ಥೈಲಿ ಹಿಡಿದು ಬಂದಾಗ ಎಲ್ಲಿ ಏನಿತ್ತೆಂದು ತೋರಿಸಲು ಇಂಥ ಜಾಗಗಳು, ಅವಕ್ಕೆ ಕರೆದೊಯ್ಯುವ ಪಂಡರು, ಅವರ ಕೈಯ ಕಾಶೀಖಂಡ ಸಿದ್ಧವಿದ್ದವು. ಅಹಲ್ಯಾಬಾಯಿ ಹೊಸದಾಗಿ ಗುಡಿ ಕಟ್ಟಿಸಿದಳು ನಿಜ, ಜಾಗವನ್ನು ಆಕೆ ಹುಡುಕಬೇಕಾಗಿರಲಿಲ್ಲ. ರಾಣಿ ಭವಾನಿ ಪಂಚಕ್ರೋಶಿಯ ದಾರಿಯನ್ನು ದುರಸ್ತಿ ಮಾಡಿಸಿದಳು, ಕರ್ದಮೇಶ್ವರನ ಕೆರೆಗೆ ಕಲ್ಲು ಕಟ್ಟಿಸಿದಳು. ದಾರಿ ಇದ್ದುದರಿಂದಲೇ ದುರಸ್ತಿ.

ಇಲ್ಲೊಂದು ಆಕ್ಷೇಪ ಬರುತ್ತದೆ. ದಾರಿಯೂ ಮನುಷ್ಯರು ಮಾಡಿದ್ದೇ ಅಲ್ಲವೆ? ಅವಿಮುಕ್ತೇಶ್ವರ ಹಿಂದೆ ಸರಿದು ವಿಶ್ವೇಶ್ವರ ಮುಂದೆ ಬಂದ, ಪಟ್ಟಿಗಳು ಬೆಳೆದವು, ಪಂಚಕ್ರೋಶಿ ಈಗಿನ ಅಚ್ಚುಕಟ್ಟಿಗೆ ಬಂದದ್ದೂ ನಿಧಾನಕ್ಕೆ. ಹಾಗಿರುವಾಗ ಕಲ್ಲಿಗೆ ಇಲ್ಲದ ಪ್ರಾಚೀನತೆ ದಾರಿಗೆ ಹೇಗೆ ಬಂತು? ಆಕ್ಷೇಪ ಸರಿಯಾದದ್ದೇ. ಆದರೆ ಎರಡೂ ಬದಲಾಗುವ ಬಗೆಯಲ್ಲಿ ಅಂತರವಿದೆ. ಗುಡಿ ಬಿದ್ದರೆ ಬಿತ್ತು. ಅದರ ಮೇಲೆ ಕಟ್ಟಿದ್ದು ಬೇರೆಯದೇ ಕಟ್ಟಡ. ಯಾತ್ರಾಕ್ರಮ ಹೊಸದನ್ನು ಸೇರಿಸಿಕೊಳ್ಳುತ್ತದೆ, ಹಳೆಯದನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಅವಿಮುಕ್ತೇಶ್ವರನಿಗೆ ಇಂದೂ ವಿಶ್ವನಾಥನ ಆವರಣದಲ್ಲಿ ಪೂಜೆ ನಡೆಯುತ್ತದೆ. ಊರಿನ ನಡುಭಾಗ ರಾಜಘಾಟಿನಿಂದ ತೆಂಕಲಿಗೆ ಸರಿದು ಎಷ್ಟೋ ಶತಮಾನಗಳಾದರೂ, ಗಾಹಡವಾಲ ದೊರೆಗಳು ಮಿಂದು ದಾನ ಕೊಡುತ್ತಿದ್ದ ಆದಿಕೇಶವ ಪಂಚತೀರ್ಥಿಯಿಂದ ಕಳಚಿಹೋಗಿಲ್ಲ. ದೇಶದ ಉಳಿದ ಕ್ಷೇತ್ರಗಳೂ ಹೀಗೆಯೇ ಒಳಬಂದವು: ಹಿಮಾಲಯದ ಕೇದಾರ ಕೇದಾರಘಾಟಿನಲ್ಲಿದ್ದಾನೆ, ರಾಮೇಶ್ವರ ಪಂಚಕ್ರೋಶಿಯಲ್ಲಿದ್ದಾನೆ. ಕನ್ನಡಿಗರು ಕಾಶಿಯಲ್ಲಿ ಪರದೇಶಿಗಳಾಗದಿದ್ದುದಕ್ಕೂ ಈ ಸೇರಿಸಿಕೊಳ್ಳುವ ಗುಣವೇ ಕಾರಣ. ಮೊಗಲ್ ಬಾದಶಹರ ದಾನಪತ್ರಗಳನ್ನು ಕಾಪಿಟ್ಟುಕೊಂಡಿರುವ ವೀರಶೈವರ ಜಂಗಮವಾಡಿ ಮಠ ಅಲ್ಲಿದೆ. ತೀರಿಹೋದವರ ಹೆಸರಿನಲ್ಲಿ ಭಕ್ತರು ಸ್ಥಾಪಿಸಿದ ಲಿಂಗಗಳು ಅದರ ಅಂಗಳದ ಗೋಡೆಗಳುದ್ದಕ್ಕೂ ತುಂಬಿವೆ. ಹನುಮಾನ್ ಘಾಟಿನ ಪಕ್ಕದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟು ಈಗ ಕರ್ನಾಟಕದ ಹೆಸರಿನಲ್ಲಿದೆ.

ಇದಕ್ಕಿಂತ ತೀಕ್ಷ್ಣವಾದ ಮಾತು ಇನ್ನೊಂದಿದೆ. ದಾರಿಯೇ ಮುಖ್ಯವಾದರೆ ಕಟ್ಟಡ ಉರುಳಿದ್ದಕ್ಕೆ ಯಾಕೆ ಮರುಗಬೇಕು? ಹೀಗೆ ಕೇಳುವವರು ನಾರಾಯಣ ಭಟ್ಟನನ್ನು ತಲೆಕೆಳಗಾಗಿ ಓದುತ್ತಾರೆ. ಗಾಯಗೊಂಡವನಿಗೆ ಬದುಕುವ ಬಗೆ ಹೇಳಿದವನು ಗಾಯವೇ ಆಗಿಲ್ಲ ಎಂದಂತಾಗಲಿಲ್ಲ. ಗಾಹಡವಾಲರ ವಿಶ್ವೇಶ್ವರ ಗುಡಿ ಹೇಗಿತ್ತೆಂದು ಇಂದು ಯಾರೂ ಹೇಳಲಾರರು. 1296ರಲ್ಲಿ ವಿಶ್ವೇಶ್ವರನ ಬಾಗಿಲ ಬಳಿಯೇ ಕಟ್ಟಿಸಿದ ಪದ್ಮೇಶ್ವರ ಗುಡಿಯ ಶಾಸನ ಸಿಕ್ಕದ್ದು ಜೌನ್‌ಪುರದ ಲಾಲ್ ದರ್ವಾಜಾ ಮಸೀದಿಯಲ್ಲಿ. ಗುಡಿಯ ಕಲ್ಲು ಅಷ್ಟು ದೂರ ಸಾಗಿಹೋಗಿತ್ತು. ಶಿಲ್ಪಿಗಳ ಒಂದು ಪರಂಪರೆಯೇ ಹೀಗೆ ಕಣ್ಮರೆಯಾಯಿತು. ದಾರಿ ಉಳಿಯಿತೆಂಬ ಸಂತೋಷದಿಂದ ಆ ನಷ್ಟ ತುಂಬದು.

ಈ ಮಾತು ಇಂದಿಗೆ ತೀರ ಸಲ್ಲುತ್ತದೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಧಾಮಕ್ಕಾಗಿ ಮುನ್ನೂರಕ್ಕೂ ಹೆಚ್ಚು ಆಸ್ತಿಗಳನ್ನು ಕೊಂಡು ತೆರವು ಮಾಡಲಾಯಿತು. ಸುಮಾರು 3,000 ಚದರ ಅಡಿಯಿದ್ದ ಆವರಣ 5 ಲಕ್ಷ ಚದರ ಅಡಿಗೆ ಬೆಳೆಯಿತು. ಇದನ್ನು ಮೆಚ್ಚುವವರ ಕಡೆ ಬಲವಾದ ಕಾರಣಗಳಿವೆ. ಓಣಿಗಳ ಕೊಳಕು ಹೊಸ ದೂರಲ್ಲ. 1916ರ ಫೆಬ್ರವರಿಯಲ್ಲಿ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ಗಾಂಧೀಜಿ ಮಹಾರಾಜರುಗಳ ಎದುರಿಗೇ ವಿಶ್ವನಾಥನ ಗಲ್ಲಿಯ ಹೊಲಸಿನ ಬಗ್ಗೆ ಮಾತಾಡಿದ್ದರು. ನೂಕುನುಗ್ಗಲಲ್ಲಿ ವಯಸ್ಸಾದವರು ಪಡುತ್ತಿದ್ದ ಪಾಡು ಈಗ ತಗ್ಗಿದೆ, ಗಂಗೆಯಿಂದ ಗುಡಿಗೆ ನೇರ ಹತ್ತಿ ಬರಬಹುದು. ತೆರವಿನ ವೇಳೆ ಮನೆಗಳ ನಡುವೆ ಹುದುಗಿದ್ದ ನಲವತ್ತಕ್ಕೂ ಹೆಚ್ಚು ಹಳೆಯ ಗುಡಿಗಳು ಸಿಕ್ಕವೆಂದು ಸರ್ಕಾರ ಹೇಳಿತು. ಇವನ್ನೆಲ್ಲ ಒಪ್ಪಿಕೊಂಡೇ ಒಂದು ಮಾತು ಹೇಳಬೇಕು. ಕಾಶಿಯ ಓಣಿ ಗುಡಿಗೆ ಹೋಗುವ ರಸ್ತೆ ಮಾತ್ರವಾಗಿರಲಿಲ್ಲ, ಅದೇ ಯಾತ್ರೆಯಾಗಿತ್ತು. ಸಿಂಧೂರ ಬಳಿದೂ ಬಳಿದೂ ಮುಖದ ಗುರುತೇ ಉಳಿಯದ ವಿನಾಯಕ ಯಾರದೋ ಮನೆಯ ಮೂಲೆಗೂಡಿನಲ್ಲಿರುತ್ತಾನೆ. ಆ ಮನೆಯವಳು ಬೆಳಿಗ್ಗೆ ನೀರೆರೆದು ಹೂವಿಡುತ್ತಾಳೆ, ಅವನ ಹೆಸರನ್ನು ದಾರಿಹೋಕರಿಗೆ ಹೇಳುತ್ತಾಳೆ. ಮನೆ ಕೆಡವಿ ವಿನಾಯಕನನ್ನು ಉಳಿಸಿಕೊಂಡರೆ ಕಲ್ಲು ಉಳಿಯಿತು, ಹೆಸರು ಹೇಳುವವರು ಹೋದರು. ಹಿಂದೆ ಕಲ್ಲು ಹೋದಾಗ ದಾರಿ ಅದನ್ನು ಮರಳಿ ತಂದಿತ್ತು. ದಾರಿಯೇ ಹೋದರೆ ಮರಳಿ ತರುವ ಕಲ್ಲು ಯಾವುದೂ ಇಲ್ಲ.

ಹಾಗೆ ಹೋದ ದಾರಿಗಳು ಈಗಾಗಲೇ ಕೆಲವಿವೆ. 19ನೇ ಶತಮಾನದಲ್ಲಿ ಕಂಪನಿ ಸರ್ಕಾರ ಊರಿನ ಒಳಗಿನ ಕೆರೆಗಳ ನೀರನ್ನು ಹರಿಸಿಬಿಟ್ಟಿತು. ಆರೋಗ್ಯದ ದೃಷ್ಟಿಯಿಂದ ಅದಕ್ಕೆ ಕಾರಣವಿತ್ತು. ಆದರೆ ಮತ್ಸ್ಯೋದರಿಯಂಥ ತೀರ್ಥ ಹೆಸರಿಗಷ್ಟೇ ಉಳಿಯಿತು. ಮಳೆಗಾಲದಲ್ಲಿ ಗಂಗೆ ಉಕ್ಕಿ ಅದರೊಳಗೆ ನುಗ್ಗಿದಾಗ ಮೀಯುವುದು ಮಹಾಪುಣ್ಯವೆಂದು ಹಳೆಯ ಗ್ರಂಥಗಳಲ್ಲಿದೆ. ಮೀಯಲು ನೀರೇ ಇಲ್ಲದಾದ ಮೇಲೆ ಆ ಯಾತ್ರೆ ಯಾರಿಗೆ ನೆನಪಿರಬೇಕು? ಇದಕ್ಕೆ ಎದುರಾಗಿ, ಅಸಿಯ ಹತ್ತಿರದ ಲೋಲಾರ್ಕಕುಂಡದಲ್ಲಿ ನೀರಿದೆ. ಬಾವಿಯಷ್ಟು ಆಳಕ್ಕೆ ಕಡಿದಾಗಿ ಇಳಿಯುವ ಅದರ ಮೆಟ್ಟಿಲುಗಳ ಮೇಲೆ ಭಾದ್ರಪದ ಷಷ್ಠಿಯಂದು ಮಕ್ಕಳಾಗಲೆಂದು ಹರಕೆ ಹೊತ್ತ ದಂಪತಿಗಳು ಇಂದಿಗೂ ಸಾಲುಗಟ್ಟುತ್ತಾರೆ.

ಕರ್ನಾಟಕ ಸರ್ಕಾರ 2022ರಲ್ಲಿ ಕಾಶಿಯಾತ್ರಿಗಳಿಗೆ ತಲಾ 5,000 ರೂಪಾಯಿ ಸಹಾಯಧನ ಘೋಷಿಸಿತು. ಅದೇ ವರ್ಷ ಬೆಂಗಳೂರಿನಿಂದ ಕಾಶಿ, ಅಯೋಧ್ಯೆ, ಪ್ರಯಾಗಗಳಿಗೆ ಭಾರತ್ ಗೌರವ್ ರೈಲೂ ಹೊರಟಿತು. ಹೆಬ್ಬಾಳೆಯ ದತ್ತಿಯನ್ನು ಬಲ್ಲವರಿಗೆ ಇದರಲ್ಲಿ ನಾಡಿನ ಹಳೆಯ ನಡವಳಿಕೆ ಕಾಣದಿರದು. ಆದರೆ ಮೂರು ಕ್ಷೇತ್ರಗಳನ್ನು ಎಂಟು ದಿನಗಳಲ್ಲಿ ಮುಗಿಸುವ ಪ್ರವಾಸದಲ್ಲಿ ಕಾಶಿಯ ಪಾಲಿಗೆ ಉಳಿಯುವುದು ವಿಶ್ವನಾಥ, ಅನ್ನಪೂರ್ಣೆ, ಗಂಗಾರತಿಗಳಷ್ಟೇ. ನಮ್ಮವರು ಇಷ್ಟು ದೂರ ಹೋಗುವಾಗ ಪಂಚತೀರ್ಥಿಗೆಂದು ಅಲ್ಲಿ ಒಂದು ಹಗಲನ್ನು ಎತ್ತಿಡುವುದು ಕಷ್ಟವೇನಲ್ಲ. ಅಸಿಯಲ್ಲಿ ದೋಣಿ ಹತ್ತಿದರೆ ವಯಸ್ಸಾದವರೂ ದಣಿಯದೆ ಆದಿಕೇಶವ ಮುಟ್ಟಬಹುದು. ಯಾತ್ರಿಕರು ವಿರಳವಾದ ಆ ಘಾಟಿಗೆ ಕನ್ನಡನಾಡಿನ ತಂಡಗಳು ಹೋಗತೊಡಗಿದರೆ ಅಲ್ಲಿನ ಅರ್ಚಕರಿಗೂ ಅಂಬಿಗರಿಗೂ ಆ ಸರದಿಯನ್ನು ಉಳಿಸಿಕೊಳ್ಳಲು ಕಾರಣ ಸಿಗುತ್ತದೆ.