ಕ್ಷಯವನ್ನು ತಡೆಯುವ ಕೋಶ, ಕ್ಷಯಕ್ಕೆ ಮನೆಯಾಗುವ ಕೋಶ

ಉರಿ ಮತ್ತು ಊತ ಎಂಬ ಎರಡು ಪದಗಳು ಸೇರಿ ಆದ ‘ಉರಿಯೂತ’ವೆಂಬ ಕನ್ನಡದ ಮಾತಿನಲ್ಲಿಯೇ ಆ ಸ್ಥಿತಿಯ ಲಕ್ಷಣವೂ ಅಡಗಿದೆ. ಕೆಂಪಾಗುವುದು, ಊದಿಕೊಳ್ಳುವುದು, ಕಾವೇರುವುದು, ನೋಯುವುದು ಎಂಬ ನಾಲ್ಕು ಚಿಹ್ನೆಗಳನ್ನು ರೋಮಿನ ಸೆಲ್ಸಸ್ ಕ್ರಿ.ಶ. ಒಂದನೆಯ ಶತಮಾನದಲ್ಲಿಯೇ ಗುರುತಿಸಿ ಬರೆದಿಟ್ಟಿದ್ದನು. ಇವು ಹೊರಗಿನಿಂದ ಬಂದ ಸೂಕ್ಷ್ಮಜೀವಿಯು ಮಾಡುವ ಕೆಲಸವಲ್ಲ. ಸೋಂಕು ತಗುಲಿದ ಜಾಗಕ್ಕೆ ರಕ್ತ ಹೆಚ್ಚಾಗಿ ಹರಿಯುವಂತೆ ಕಿರುನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲಗೊಂಡು, ಬಿಳಿ ರಕ್ತಕಣಗಳು ಹೊರಬಂದು ನೆರೆಯುವಾಗ ದೇಹವೇ ಉಂಟುಮಾಡಿಕೊಳ್ಳುವ ಬದಲಾವಣೆಗಳು. ಸಾಮಾನ್ಯ ಸೋಂಕಿನಲ್ಲಿ ಇದು ಕೆಲವು ದಿನಗಳಲ್ಲಿ ಮುಗಿಯುತ್ತದೆ, ಕ್ಷಯದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿಯುತ್ತದೆ. ಗಂಟಲಮಾರಿ, ಧನುರ್ವಾಯುಗಳ ಸೂಕ್ಷ್ಮಜೀವಿಗಳು ದೇಹದಾದ್ಯಂತ ಹರಡುವ ಪ್ರಬಲ ವಿಷವನ್ನು ಸ್ರವಿಸಿ ಕೊಲ್ಲುತ್ತವೆ. ಕ್ಷಯದ ದಂಡಾಣುವಿನಲ್ಲಿ ಅಂಥ ವಿಷವಿಲ್ಲ. ಆದರೂ ಅದು ಶ್ವಾಸಕೋಶವನ್ನು ತೂತಾಗಿಸುವುದಕ್ಕೆ ಬಹುಮಟ್ಟಿಗೆ ರೋಗಿಯ ಸ್ವಂತ ಕೋಶಗಳ ಉರಿಯೂತವೇ ಕಾರಣವಾಗಿದೆ.

ರಾಬರ್ಟ್ ಕಾಖ್ ಈ ದಂಡಾಣುವನ್ನು ಕಂಡುಹಿಡಿದ ಸಂಗತಿಯನ್ನು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಅದೇ ವರ್ಷ ಇಟಲಿಯ ಮೆಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್, ನಕ್ಷತ್ರಮೀನಿನ ಮರಿಯ ಪಾರದರ್ಶಕ ದೇಹಕ್ಕೆ ಮುಳ್ಳು ಚುಚ್ಚಿ, ಅದರ ಸುತ್ತ ಅಲೆಮಾರಿ ಕೋಶಗಳು ನೆರೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಪರಕೀಯ ಕಣಗಳನ್ನು ನುಂಗುವ ಈ ಕೋಶಗಳಿಗೆ ಭಕ್ಷಕ ಕೋಶಗಳೆಂಬ ಹೆಸರು ಬಂದಿತು, ಮೆಚ್ನಿಕಾಫನು 1908ರಲ್ಲಿ ಪಾಲ್ ಎರ್ಲಿಖ್‌ನೊಡನೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡನು. ಒಂದೇ ವರ್ಷದ ಈ ಎರಡು ಶೋಧಗಳು ಕ್ಷಯದಲ್ಲಿ ಪರಸ್ಪರ ಹೆಣೆದುಕೊಂಡಿವೆ. ರೋಗಿಯು ಕೆಮ್ಮಿದಾಗ ಗಾಳಿಗೆ ಸೇರಿದ ಸೂಕ್ಷ್ಮ ಹನಿಗಳೊಂದಿಗೆ ದಂಡಾಣುವು ಇನ್ನೊಬ್ಬರ ಶ್ವಾಸಕೋಶದ ಗಾಳಿಚೀಲಗಳನ್ನು ತಲುಪಿದೊಡನೆ ಅದನ್ನು ಎದುರುಗೊಳ್ಳುವುದು ಅಲ್ಲಿಯೇ ನೆಲೆಸಿರುವ ಮ್ಯಾಕ್ರೋಫೇಜ್ ಎಂಬ ದೊಡ್ಡ ಭಕ್ಷಕ ಕೋಶ.

ಮ್ಯಾಕ್ರೋಫೇಜ್ ನುಂಗಿದ ಸೂಕ್ಷ್ಮಜೀವಿಯು ಮೊದಲು ಒಂದು ಪುಟ್ಟ ಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ, ಆಮ್ಲವೂ ಜೀರ್ಣಕಾರಿ ಕಿಣ್ವಗಳೂ ತುಂಬಿರುವ ಮತ್ತೊಂದು ಚೀಲವು ಅದರೊಡನೆ ಕೂಡಿಕೊಂಡಾಗ ಅರಗಿಹೋಗುತ್ತದೆ. ಮೇಣದಂಥ ಮೈಕೋಲಿಕ್ ಆಮ್ಲಗಳ ದಪ್ಪ ಹೊದಿಕೆಯುಳ್ಳ ಕ್ಷಯದ ದಂಡಾಣುವು ಈ ಕೂಡಿಕೆಯನ್ನೇ ತಡೆದು, ತನ್ನನ್ನು ಕೊಲ್ಲಬೇಕಾಗಿದ್ದ ಕೋಶದೊಳಗೆ ಬದುಕಿ ಬೆಳೆಯುತ್ತದೆ. ಅಲ್ಲದೆ ತಾನು ಸ್ರವಿಸುವ ಪ್ರೋಟೀನುಗಳ ನೆರವಿನಿಂದ ಚೀಲದ ಪೊರೆಯನ್ನು ಹರಿದು ಕೋಶದ ಒಳದ್ರವಕ್ಕೂ ದಾಟಬಲ್ಲದು.

ಈ ಹಂತದಲ್ಲಿ ದೇಹಕ್ಕೆ ಬೇಕಾದುದು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳ ನೆರವು. ದಂಡಾಣುವಿನ ತುಣುಕುಗಳನ್ನು ಹೊತ್ತ ಬೇರೊಂದು ಬಗೆಯ ಕೋಶಗಳು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ತೋರಿಸಿದ ಬಳಿಕವೇ, ಅದನ್ನು ಗುರುತಿಸಬಲ್ಲ ಟಿ-ಕೋಶಗಳು ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತವೆ. ದಂಡಾಣುವು ಒಂದು ಸಲ ಇಬ್ಭಾಗವಾಗಲು ಸುಮಾರು 20 ಗಂಟೆ ಬೇಕಾಗುವಷ್ಟು ನಿಧಾನಿಯಾದುದರಿಂದಲೂ, ಈ ಸುದ್ದಿ ತಲುಪುವುದು ತಡವಾಗುವುದರಿಂದಲೂ, ಸೋಂಕಾದ ಎರಡರಿಂದ ಎಂಟು ವಾರಗಳ ಅನಂತರವಷ್ಟೇ ಟಿ-ಕೋಶಗಳ ಪ್ರತಿಕ್ರಿಯೆಯನ್ನು ತೋರಿಸುವ ಚರ್ಮದ ಟ್ಯುಬರ್ಕ್ಯುಲಿನ್ ಪರೀಕ್ಷೆಯಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ. ಬಂದ ಟಿ-ಕೋಶಗಳಲ್ಲಿ ಸಿಡಿ4 ಎಂಬ ವರ್ಗದವು ಇಂಟರ್ಫೆರಾನ್-ಗ್ಯಾಮಾ ಎಂಬ ಸಂದೇಶವಸ್ತುವನ್ನು ಬಿಡುಗಡೆ ಮಾಡಿ, ಮ್ಯಾಕ್ರೋಫೇಜ್‌ಗಳ ಕೊಲ್ಲುವ ಸಾಮರ್ಥ್ಯವನ್ನು ಎಚ್ಚರಿಸುತ್ತವೆ. ಎಚ್‌ಐವಿಯು ಇದೇ ಸಿಡಿ4 ಕೋಶಗಳನ್ನು ನಾಶಮಾಡುವುದರಿಂದ ಆ ಸೋಂಕಿರುವವರನ್ನು ಕ್ಷಯವು ಅಷ್ಟು ಸುಲಭವಾಗಿ ಹಿಡಿಯುತ್ತದೆ. ಈ ಸಂದೇಶವನ್ನು ಗ್ರಹಿಸುವ ಜೀನ್‌ನಲ್ಲಿಯೇ ದೋಷವುಳ್ಳ ಅಪರೂಪದ ಶಿಶುಗಳಿಗಾದರೋ ಕ್ಷಯದ ಬಿಸಿಜಿ ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ಜೀವಾಣುವೂ ಗಂಡಾಂತರ ತರಬಲ್ಲದು.

ಕೊಲ್ಲಲಾಗದುದನ್ನು ದೇಹವು ಸುತ್ತುವರಿದು ಕಟ್ಟಿಹಾಕುತ್ತದೆ. ನಡುವೆ ದಂಡಾಣು ಹೊತ್ತ ಮ್ಯಾಕ್ರೋಫೇಜ್‌ಗಳು, ಅವುಗಳಲ್ಲಿ ಹಲವು ಒಂದರೊಡನೊಂದು ಬೆಸೆದುಕೊಂಡು ಆದ, 1868ರಲ್ಲಿ ಥಿಯೊಡೋರ್ ಲಾಂಗ್‌ಹಾನ್ಸ್ ವಿವರಿಸಿದ ದೈತ್ಯಕೋಶಗಳು, ಹೊರಗೆ ಟಿ-ಕೋಶಗಳ ಬಳೆ. ಈ ಗಂಟಿಗೆ ಗ್ರ್ಯಾನ್ಯುಲೋಮಾ ಎಂದು ಹೆಸರು. ಒಳಗಿನ ಕೋಶಗಳು ಸತ್ತು ಗಿಣ್ಣಿನಂತೆ ಮೆತ್ತಗಾಗುವುದನ್ನು ವೈದ್ಯರು ಗಿಣ್ಣುಗಟ್ಟುವಿಕೆ ಎನ್ನುತ್ತಾರೆ. ಈ ಗಂಟು ಚದುರದಂತೆ ನೋಡಿಕೊಳ್ಳುವ ಸಂದೇಶವಸ್ತುಗಳಲ್ಲಿ ಟಿಎನ್‌ಎಫ್ ಮುಖ್ಯವಾದುದು. ಕೀಲುವಾತಕ್ಕೆ ಆ ವಸ್ತುವನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಔಷಧವನ್ನು ಪಡೆದವರಲ್ಲಿ ಗಂಟುಗಳೊಳಗೆ ಅಡಗಿದ್ದ ಸುಪ್ತ ಕ್ಷಯ ಕೆರಳಿದುದು 2001ರಲ್ಲಿ ವರದಿಯಾಯಿತು, ಅಂದಿನಿಂದ ಇಂಥ ಔಷಧ ಕೊಡುವ ಮುನ್ನ ಕ್ಷಯಕ್ಕಾಗಿ ತಪಾಸಣೆ ನಡೆಸುವುದು ವಾಡಿಕೆಯಾಗಿದೆ. ಹಾಗಾದರೆ ಟಿಎನ್‌ಎಫ್ ಹೆಚ್ಚಿದ್ದಷ್ಟೂ ಒಳ್ಳೆಯದೆನ್ನುವಂತಿಲ್ಲ. ವಿಜ್ಞಾನಿ ಲಲಿತಾ ರಾಮಕೃಷ್ಣನ್ ಮತ್ತು ಸಂಗಡಿಗರು, ಕ್ಷಯದ ದಂಡಾಣುವಿನ ಹತ್ತಿರದ ಸಂಬಂಧಿಯೊಂದನ್ನು ಜೀಬ್ರಾಮೀನಿನ ಮರಿಗಳಿಗೆ ತಗುಲಿಸಿ ನೋಡಿದಾಗ, ಟಿಎನ್‌ಎಫ್ ಕಡಮೆಯಾದರೆ ದಂಡಾಣು ಮ್ಯಾಕ್ರೋಫೇಜ್‌ನೊಳಗೆ ಮಿತಿಮೀರಿ ಬೆಳೆಯುವುದೂ, ಅತಿಯಾದರೆ ಮ್ಯಾಕ್ರೋಫೇಜ್ ತಾನೇ ಒಡೆದು ದಂಡಾಣು ಹೊರಚೆಲ್ಲುವುದೂ ತಿಳಿದುಬಂದಿತು.

ಕೆಲವರಲ್ಲಿ ಗಿಣ್ಣುಗಟ್ಟಿದ ನಡುಭಾಗ ದ್ರವವಾಗಿ ಕರಗಿ ಶ್ವಾಸನಾಳಕ್ಕೆ ಒಡೆದುಕೊಳ್ಳುತ್ತದೆ. ಶ್ವಾಸಕೋಶಕ್ಕೆ ಆಧಾರವಾಗಿರುವ ಕೊಲಾಜೆನ್ ಎಂಬ ನಾರನ್ನು ಇಲ್ಲಿ ಕತ್ತರಿಸುವವು ಮ್ಯಾಕ್ರೋಫೇಜ್‌ಗಳೂ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೂ ಹೊರಹಾಕುವ ಕಿಣ್ವಗಳು. ಹೀಗೆ ಉಂಟಾದ ಕುಹರದಲ್ಲಿ ಆಮ್ಲಜನಕ ಹೇರಳ, ಅಲ್ಲಿಗೆ ತಲುಪುವ ಟಿ-ಕೋಶಗಳು ವಿರಳ. ಆದುದರಿಂದ ದಂಡಾಣು ಅಪಾರವಾಗಿ ಹೆಚ್ಚಿ, ಕೆಮ್ಮಿನೊಡನೆ ಹೊರಬಂದು ಮತ್ತೊಬ್ಬರನ್ನು ತಲುಪುತ್ತದೆ. ಎಚ್‌ಐವಿಯಿಂದ ಸಿಡಿ4 ಕೋಶಗಳು ತೀರ ಕ್ಷೀಣಿಸಿದವರಲ್ಲಿ ಕುಹರಗಳು ಅಪರೂಪವೆಂಬುದು ಗಮನಾರ್ಹ. ಒಬ್ಬರಿಂದೊಬ್ಬರಿಗೆ ಹರಡಲು ಈ ಸೂಕ್ಷ್ಮಜೀವಿಗೆ ಮನುಷ್ಯನ ಪ್ರತಿರೋಧದ ಅಗತ್ಯವೇ ಇದೆಯೆಂಬ ನಿರ್ಣಯಕ್ಕೆ ಇದು ಒಯ್ಯುತ್ತದೆ, ರೋಗನಿರೋಧಕ ಶಕ್ತಿಯನ್ನು ಸುಮ್ಮನೆ ಹೆಚ್ಚಿಸಿಕೊಂಡರೆ ಸಾಕೆಂಬ ಪ್ರಚಲಿತ ಮಾತು ಕ್ಷಯದ ವಿಷಯದಲ್ಲಿ ಎಷ್ಟು ಅಪೂರ್ಣವೆಂಬುದನ್ನೂ ತೋರಿಸುತ್ತದೆ.

ಚಿಕಿತ್ಸೆಯೂ ಈ ತಿಳಿವಳಿಕೆಯ ಲಾಭ ಪಡೆದಿದೆ. ಮಿದುಳಿನ ಪೊರೆಗೆ ಕ್ಷಯ ತಗುಲಿದಾಗ, ಹಿಗ್ಗಲಾರದ ತಲೆಬುರುಡೆಯೊಳಗಿನ ಊತವೇ ಪ್ರಾಣಕ್ಕೆ ಎರವಾಗುತ್ತದೆ. 2004ರಲ್ಲಿ ಪ್ರಕಟವಾದ ವಿಯೆಟ್ನಾಮಿನ ಪ್ರಯೋಗವೊಂದರಲ್ಲಿ, ಕ್ಷಯದ ಔಷಧಗಳ ಜೊತೆಗೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ ಸಾವು ಕಡಮೆಯಾಯಿತು. ಪ್ರತಿರೋಧವನ್ನು ಕುಗ್ಗಿಸುವ ಔಷಧವು ಸೋಂಕಿನ ರೋಗಿಯನ್ನು ಉಳಿಸುತ್ತದೆಂಬುದು ಮೇಲುನೋಟಕ್ಕೆ ವಿಚಿತ್ರವೆನಿಸಿದರೂ, ದಂಡಾಣುವನ್ನು ಕೊಲ್ಲುವ ಹೊಣೆ ಇತರ ಔಷಧಗಳದಾಗಿರುವುದರಿಂದ ಇದು ಸಾಧ್ಯವಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಸೇವಿಸುವವರಲ್ಲಾದರೋ ಅದೇ ಬಗೆಯ ಔಷಧ ಸುಪ್ತ ಕ್ಷಯವನ್ನು ಎಬ್ಬಿಸಬಹುದು.

ಲಸಿಕೆಯ ಹಾದಿ ಇದಕ್ಕಿಂತ ಕಠಿಣ. 1921ರಲ್ಲಿ ಬಳಕೆಗೆ ಬಂದ ಬಿಸಿಜಿಯು ಮಕ್ಕಳನ್ನು ಮಿದುಳುಪೊರೆಯ ಕ್ಷಯದಿಂದ ಕಾಪಾಡುತ್ತದೆ. ಆದರೆ 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಆರಂಭವಾದ ಬೃಹತ್ ಪ್ರಯೋಗದಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲ.

ಲಸಿಕೆ ನೆಚ್ಚಿಕೊಂಡಿರುವ ಪ್ರತಿರೋಧದ ಕೋಶಗಳೆಲ್ಲವೂ ಅನ್ನದಿಂದಲೇ ರೂಪುಗೊಳ್ಳುತ್ತವೆ. ಪ್ರೋಟೀನು, ಶಕ್ತಿಗಳ ಕೊರತೆಯಿರುವ ದೇಹದಲ್ಲಿ ಟಿ-ಕೋಶಗಳು ಬಲಿಯುವ ಥೈಮಸ್ ಗ್ರಂಥಿ ಕುಗ್ಗಿ, ಅವು ಹೊರಡಿಸುವ ಸಂದೇಶಗಳೂ ಕ್ಷೀಣವಾಗುತ್ತವೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಹೋದ್ಯೋಗಿಗಳು ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಯರೋಗಿಗಳ ಮನೆಯವರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವಗಳ ಮಾತ್ರೆಗಳನ್ನು ಕೊಟ್ಟಾಗ, ಅವುಗಳನ್ನು ಪಡೆಯದ ಇತರ ರೋಗಿಗಳ ಮನೆಯವರಿಗಿಂತ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39ರಷ್ಟೂ, ಇತರರಿಗೆ ಹರಡುವ ಶ್ವಾಸಕೋಶದ ಕ್ಷಯವು ಶೇಕಡ 48ರಷ್ಟೂ ಕಡಮೆಯಾಯಿತು.