ಸಂಶೋಧನೆಗೆ ವಿಷಯ ಆರಿಸುವವರು ಯಾರು?

ಪ್ರಶ್ನೆ: ಸರ್ಕಾರದ ಹಣದಲ್ಲಿ ನಡೆಯುವ ಆರೋಗ್ಯ ಸಂಶೋಧನೆಯಲ್ಲಿ ರೋಗಿಗಳ ಮಾತಿಗೆ ಬೆಲೆಯಿದೆಯೇ?

ಉತ್ತರ: ವಿಷಯ ಆರಿಸುವ ಕೆಲಸ ಬಹುಕಾಲ ತಜ್ಞರ ಕೈಯಲ್ಲೇ ಇತ್ತು. ಅದರ ಕೊರತೆ ಎದ್ದು ಕಂಡದ್ದು 2000ರಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆಯ ಒಂದು ಲೇಖನದಿಂದ. ಮಂಡಿ ಸವೆತದ ಮೇಲಿನ ಪ್ರಯೋಗಗಳಲ್ಲಿ ಶೇ 80ಕ್ಕೂ ಹೆಚ್ಚು ಔಷಧಿಗೆ ಸಂಬಂಧಿಸಿದವು. ಔಷಧಿಯ ಬಗ್ಗೆ ಇನ್ನಷ್ಟು ಸಂಶೋಧನೆ ಬೇಕೆಂದ ರೋಗಿಗಳು ಶೇ 9 ಮಾತ್ರ. ವ್ಯಾಯಾಮ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ನೋವಿನೊಡನೆ ಬದುಕುವ ಬಗೆ ಇವು ಅವರಿಗೆ ಬೇಕಿದ್ದವು.

ಎಂಥ ಅಂತರ!

ಇದನ್ನು ತುಂಬಲು ಬ್ರಿಟನ್ನಿನಲ್ಲಿ 2004ರಲ್ಲಿ ‘ಜೇಮ್ಸ್ ಲಿಂಡ್ ಅಲಯನ್ಸ್’ ಹುಟ್ಟಿತು. 1747ರಲ್ಲಿ ಹಡಗಿನಲ್ಲೇ ಸ್ಕರ್ವಿ ರೋಗಿಗಳ ಮೇಲೆ ಆರು ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ವೈದ್ಯನ ಹೆಸರದು. ಈ ಅಲಯನ್ಸ್‌ಗೆ ರೋಗಿಗಳು, ಆರೈಕೆ ಮಾಡುವ ಮನೆಯವರು, ವೈದ್ಯರು, ದಾದಿಯರು ತಮ್ಮ ಸಂದೇಹಗಳನ್ನು ಬರೆದು ಕಳಿಸುತ್ತಾರೆ. ಈಗಾಗಲೇ ಉತ್ತರ ಸಿಕ್ಕಿರುವವನ್ನು ತೆಗೆದುಹಾಕಿ, ಉಳಿದವನ್ನು ಸೋಸಿ, ಕೊನೆಗೆ ಎಲ್ಲರೂ ಒಟ್ಟಿಗೆ ಕುಳಿತು ಹತ್ತನ್ನು ಆರಿಸುತ್ತಾರೆ. ಇಲ್ಲಿ ರೋಗಿಯ ಮಾತಿಗೂ ವೈದ್ಯರ ಮಾತಿಗೂ ಒಂದೇ ತೂಕ; ಇಡೀ ಕ್ರಮದ ಜೀವಾಳವೇ ಇದು.

ಮೊದಮೊದಲು ಕೈಗೆತ್ತಿಕೊಂಡ ಕಾಯಿಲೆಗಳಲ್ಲಿ ಆಸ್ತಮಾ ಒಂದು. ಸ್ಟೀರಾಯ್ಡ್‌ಗಳನ್ನು ವರ್ಷಗಟ್ಟಲೆ ಬಳಸಿದರೆ ಆಗುವ ತೊಂದರೆಗಳೇನು ಎಂಬ ಪ್ರಶ್ನೆ ಅಂತಿಮ ಪಟ್ಟಿಯಲ್ಲಿತ್ತು. ಅಲ್ಲಿ ಸರ್ಕಾರಿ ಹಣ ಹಂಚುವ ರಾಷ್ಟ್ರೀಯ ಆರೋಗ್ಯ ಮತ್ತು ಆರೈಕೆ ಸಂಶೋಧನಾ ಸಂಸ್ಥೆ ಇಂಥ ಪಟ್ಟಿಗಳನ್ನು ನೋಡಿ ಸಂಶೋಧಕರಿಂದ ಅರ್ಜಿ ಕರೆಯುತ್ತದೆ.