ಯಾವ ನಡೆಯನ್ನು ಮೊದಲು ನೋಡಬೇಕು?

ಮನೆಯಲ್ಲೇ ಬರೆದ ಚೆಸ್ ಪ್ರೋಗ್ರಾಮು ಸೋಲುತ್ತಲೇ ಇದ್ದರೆ ಕಂಪ್ಯೂಟರಿನ ವೇಗ ಸಾಲದು ಎಂದು ತೋರುವುದು ಸಹಜ. ಲೆಕ್ಕ ಹಾಕಿದರೆ ಈ ಅನುಮಾನ ನಿಲ್ಲುವುದಿಲ್ಲ. ಆಟದ ಆರಂಭದಲ್ಲಿ ಬಿಳಿಗೆ 20 ನಡೆ, ಕಪ್ಪಿಗೂ 20. ಇಬ್ಬರೂ ಒಂದೊಂದು ಆಡುವಷ್ಟರಲ್ಲಿ 400 ದಾರಿಗಳು, ಎರಡೆರಡು ಆಡಿದರೆ 1,97,281. ಆಟದ ನಡುವೆ ಪ್ರತಿ ಸಲ ಸುಮಾರು 35 ನಡೆಗಳಿರುತ್ತವೆ ಎಂದುಕೊಂಡರೆ, ಎರಡೂ ಕಡೆಯದು ಸೇರಿ ಆರು ನಡೆ ಮುಂದೆ ನೋಡಲು 183 ಕೋಟಿಗೂ ಹೆಚ್ಚು ಸ್ಥಿತಿಗಳನ್ನು ತೂಗಬೇಕು. ಏಳನೆಯದಕ್ಕೆ ಅದರ 35 ಪಟ್ಟು. ಎರಡು ಪಟ್ಟು ವೇಗದ ಯಂತ್ರ ತಂದರೂ ಇನ್ನೊಂದು ನಡೆಯಷ್ಟು ಆಳಕ್ಕೆ ಇಳಿಯಲಾಗದು. ಬಲ ಹೆಚ್ಚಬೇಕಾದರೆ ನೋಡುವ ಸರದಿಯನ್ನೇ ತಿದ್ದಬೇಕು.

ಆಲ್ಫಾ-ಬೀಟಾ ಎಂಬ ವಿಧಾನದ ಜೀವಾಳ ಇದೇ. ಕಾಲಾಳನ್ನು ಮುಂದೆ ತಳ್ಳಿದರೆ, ಎದುರಾಳಿ ಏನೇ ಮಾಡಿದರೂ ಆಟ ಸಮವಾಗಿ ಉಳಿಯುತ್ತದೆ ಎಂದು ಪ್ರೋಗ್ರಾಮು ಕಂಡುಕೊಂಡಿದೆ ಎನ್ನಿ. ಆಮೇಲೆ ಕುದುರೆಯನ್ನು ಸರಿಸಿ ನೋಡುತ್ತದೆ. ಎದುರಾಳಿಯ ಮೊದಲ ಉತ್ತರಕ್ಕೇ ನಮ್ಮ ಮಂತ್ರಿ ಬಿತ್ತು, ಅದಕ್ಕೆ ಬದಲಾಗಿ ಏನೂ ಸಿಗಲಿಲ್ಲ. ಇನ್ನುಳಿದ 34 ಉತ್ತರಗಳನ್ನು ನೋಡುವ ಅಗತ್ಯವೇ ಇಲ್ಲ, ಕುದುರೆಯ ನಡೆ ಕೆಟ್ಟದೆಂದು ಗೊತ್ತಾಯಿತಲ್ಲ! ಆದರೆ ಮಂತ್ರಿಯನ್ನು ಹೊಡೆಯುವ ಆ ಉತ್ತರ ಪಟ್ಟಿಯ ಕೊನೆಯಲ್ಲಿದ್ದರೆ ಶ್ರಮವೆಲ್ಲ ವ್ಯರ್ಥ. ಈ ವಿಧಾನವನ್ನು 1975ರಲ್ಲಿ ವಿಶ್ಲೇಷಿಸಿದ ಡೊನಾಲ್ಡ್ ಕ್ನೂತ್ ಮತ್ತು ರೊನಾಲ್ಡ್ ಮೂರ್ ಅವರ ಸೂತ್ರ ಹಿಡಿದರೆ, ಸರದಿ ಪೂರ್ತಿ ಸರಿಯಿದ್ದಾಗ ಆ 183 ಕೋಟಿಯ ಜಾಗದಲ್ಲಿ 85,749 ಸ್ಥಿತಿಗಳು ಸಾಕು. ಒಳ್ಳೆಯ ನಡೆ ಯಾವುದೆಂದು ಹುಡುಕುವ ಮೊದಲೇ ತಿಳಿಯುವುದು ಹೇಗೆ ಎಂದು ಕೇಳಬಹುದು. ಖಚಿತವಾಗಿ ತಿಳಿಯದು, ಊಹಿಸಬಹುದು: ಸಣ್ಣ ಕಾಯಿಯಿಂದ ದೊಡ್ಡದನ್ನು ಹೊಡೆಯುವ ನಡೆಗೆ ಮೊದಲ ಸರದಿ. ಅದಕ್ಕಿಂತ ಸೊಗಸಾದದ್ದು ಮೊದಲು ಒಂದು ನಡೆಯಾಳ, ಮತ್ತೆ ಎರಡು, ಮತ್ತೆ ಮೂರು ಎಂದು ಹಂತಹಂತವಾಗಿ ಇಳಿಯುವ ಕ್ರಮ. ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿದಂತೆ ಕಾಣುತ್ತದೆ, ನಿಜ. ಆದರೆ ಮೇಲಿನ ಹಂತಗಳ ಖರ್ಚು ಕೊನೆಯದರ ಮುಂದೆ ಅಲ್ಪ, ಅಲ್ಲಿ ಗೆದ್ದ ನಡೆಯೇ ಮುಂದಿನ ಹಂತದ ಮೊದಲ ಸರದಿಗೆ ಸಿಗುತ್ತದೆ.

ಹೀಗೆ ಕೊಂಬೆ ಸವರುತ್ತಾ ಹೋದರೆ ಮಂತ್ರಿಯನ್ನೇ ಬಲಿಕೊಟ್ಟು ಗೆಲ್ಲುವಂಥ ಅದ್ಭುತ ನಡೆ ತಪ್ಪಿಹೋಗದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆಲ್ಫಾ-ಬೀಟಾದಲ್ಲಿ ಆ ಭಯವಿಲ್ಲ. ಅಷ್ಟೇ ಆಳಕ್ಕೆ ಎಲ್ಲವನ್ನೂ ನೋಡಿದರೆ ಬರುವ ಅಂಕವೇ ಅಲ್ಲೂ ಬರುತ್ತದೆ. ಅಪಾಯವಿರುವುದು ಅದರಾಚೆಯ ಉಪಾಯಗಳಲ್ಲಿ. ನಮ್ಮ ಸರದಿಯನ್ನು ಬಿಟ್ಟುಕೊಟ್ಟರೂ ಮೇಲುಗೈ ಉಳಿಯುವುದಾದರೆ ಮುಂದೆ ನೋಡುವುದು ಬೇಡ ಎನ್ನುವ ಉಪಾಯ ಬಹಳ ಸಮಯ ಉಳಿಸುತ್ತದೆ. ಆದರೆ ರಾಜ ಮತ್ತು ಕಾಲಾಳುಗಳಷ್ಟೇ ಉಳಿದ ಅಂತ್ಯದಾಟದಲ್ಲಿ ಏನು ಆಡಿದರೂ ನಷ್ಟವಾಗುವ ಸ್ಥಿತಿಗಳಿರುತ್ತವೆ, ಅಲ್ಲಿ ಅದು ಮೋಸಹೋಗುತ್ತದೆ. ಅಲ್ಲಿ ಅದನ್ನು ಬಳಸಲೇಬಾರದು. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಕ್ಷೇಮ. ಸರದಿಯನ್ನಷ್ಟೇ ತಿದ್ದಿದ್ದರೆ, ಅದೇ ಸ್ಥಿತಿಯನ್ನು ಅದೇ ಆಳಕ್ಕೆ ಮತ್ತೆ ಓಡಿಸಿ ನೋಡಬೇಕು: ನೋಡಿದ ಸ್ಥಿತಿಗಳ ಎಣಿಕೆ ಇಳಿದು ಅಂಕ ಹಾಗೆಯೇ ಇದ್ದರೆ ಕೆಲಸ ಸರಿಯಾಗಿದೆ, ಅಂಕವೇ ಬದಲಾಗಿದ್ದರೆ ಬರೆದ ಸಾಲುಗಳಲ್ಲಿ ಎಲ್ಲೋ ತಪ್ಪು ನುಸುಳಿದೆ.